ಡ್ರಾಯರಿನಲ್ಲಿದ್ದ ಎದೆಬಿಲ್ಲೆ

ಅವಳು ಅಣುಸ್ಥಾವರದ ಪ್ರಯೋಗಶಾಲೆಯ ಸೀಸೆಗಳನ್ನು ತೊಳೆದು, ಒಂದೊಂದಾಗಿ ಬೋರಲು ಹಾಕುತ್ತಿದ್ದಳು. ಬೆನ್ನ ಹಿಂದಿನ ಮೇಜಿನಲ್ಲಿ ಸುರಕ್ಷತಾ ಅಧಿಕಾರಿ, ಎದುರು ನಿಂತಿದ್ದ ಅವಳ ಅಣ್ಣನ ಎದೆಬಿಲ್ಲೆಯ ವರದಿ ಓದುತ್ತಿದ್ದರು. ಮೈಮೇಲೆ ಎಷ್ಟು ವಿಕಿರಣ ಬಿದ್ದಿದೆಯೆಂದು ತೋರಿಸುವ ಬಿಲ್ಲೆ ಅದು.

“ಹಾಲಿನ ಹಾಗೆ ಶುದ್ಧವಾಗಿದೆಯಪ್ಪಾ ನಿನ್ನ ಬಿಲ್ಲೆ. ನಿಮ್ಮ ಗುಂಪಿನಿಂದ ನನಗೆ ತಲೆನೋವೇ ಇಲ್ಲ. ಸೋಮವಾರದಿಂದ ಮತ್ತೆ ಒಳಗೆ ಹೋಗು.”

“ನಾನು ಹುಟ್ಟಿದ್ದೇ ಹಾಗೆ ಸಾರ್,” ಎಂದು ಅಣ್ಣ ನಕ್ಕ. ಒಸಡಿನ ರಕ್ತವನ್ನು ಕರವಸ್ತ್ರದಿಂದ ಒರೆಸಿಕೊಂಡ.

“ರಕ್ತಪರೀಕ್ಷೆಯಲ್ಲಿ ಕಣಗಳು ಸ್ವಲ್ಪ ಕಡಿಮೆ ಬಂದಿವೆ. ಹೊಟ್ಟೆ ತುಂಬ ಊಟ ಮಾಡು, ಸರಿಹೋಗುತ್ತೆ.”

ಅಣ್ಣ ರಿಯಾಕ್ಟರ್ ಕೋಣೆಯಲ್ಲಿ ಪೈಪು ಬೆಸೆಯುವವನು. ಬಿಲ್ಲೆ ಮಿತಿ ದಾಟಿದವರನ್ನು ಅಲ್ಲಿಂದ ತೆಗೆದು ಗೇಟು ಕಾಯಲು ಹಾಕುತ್ತಿದ್ದರು. ಕೈಯಲ್ಲಿ ಕಸುಬಿದ್ದವನಿಗೆ ಅದು ತಲೆ ತಗ್ಗಿಸುವ ಮಾತು. ಅದಕ್ಕೇ ಒಳಗೆ ಹೋಗುವ ಮುಂಚೆ ಅವನು ಬಿಲ್ಲೆ ಬಿಚ್ಚಿ ತಂಗಿಯ ಕೈಗೆ ಕೊಡುತ್ತಿದ್ದ. “ಇಟ್ಕೊಳೇ, ನನ್ನ ಬದಲು ಇದಾದ್ರೂ ಆರೋಗ್ಯವಾಗಿರ್ಲಿ,” ಎನ್ನುತ್ತಿದ್ದ. ಅವಳೂ ನಗುತ್ತಲೇ ಅದನ್ನು ಟವೆಲಿನಲ್ಲಿ ಸುತ್ತಿ ಡ್ರಾಯರಿನಲ್ಲಿ ಇಡುತ್ತಿದ್ದಳು. ಹೀಗೆ ಎರಡು ವರ್ಷ ಇಟ್ಟಿದ್ದಳು.

ಈಗ ಅವಳು ನಲ್ಲಿ ನಿಲ್ಲಿಸಿ ತಿರುಗಿದಳು.

“ಸಾರ್, ಅಣ್ಣನ ಬಿಲ್ಲೆ ಒಳಗೆ ಹೋಗೇ ಇಲ್ಲ. ಇಷ್ಟು ದಿನ ನನ್ನ ಡ್ರಾಯರಿನಲ್ಲೇ ಇತ್ತು.”

ಸರದಿಯಲ್ಲಿ ನಿಂತಿದ್ದ ಉಳಿದ ಬೆಸುಗೆಯವರು ತಮ್ಮ ತಮ್ಮ ಎದೆಯ ಬಿಲ್ಲೆ ಮುಟ್ಟಿಕೊಂಡರು. ಅಣ್ಣ ನೆಲ ನೋಡಿದ. ಅಧಿಕಾರಿ ಕೇಳಿಸದವರ ಹಾಗೆ ಮುಂದಿನವನ ವರದಿ ಕೈಗೆತ್ತಿಕೊಂಡರು.

“ಅವನನ್ನ ಒಳಗೆ ಕಳಿಸಬೇಡಿ ಸಾರ್,” ಎಂದಳು.