ಉಪ್ಪು ಗಾಳಿಗೆ ಹಾಕಿದ ಟೇಪು

ಧಾರೆಯ ನೀರು ಬೀಳುವ ಹೊತ್ತಿಗೆ ಸರಿಯಾಗಿ ಲ್ಯಾಪ್‌ಟಾಪು ಮತ್ತೆ ಆರಿಹೋಯಿತು. ಮದುಮಗಳ ಕೈ ಮೇಲೆ ತಂಬಿಗೆ ಬಗ್ಗಿದ್ದಷ್ಟೇ, ಪರದೆ ಕಪ್ಪಾಯಿತು. ಸೌಜನ್ಯ ಕೀಲಿಮಣೆಯ ಮೇಲೆ ಕೈಯಿಟ್ಟು ತಟ್ಟನೆ ಎತ್ತಿಕೊಂಡಳು. ನೀರುದೋಸೆ ಹೊಯ್ಯುವಷ್ಟು ಕಾದಿತ್ತು.

"ಎಂತ, ಮತ್ತೆ ಹೋಯ್ತಾ?" ಮೀನು ಮಾರಿ ಆಗಷ್ಟೇ ಬಂದಿದ್ದ ಅಮ್ಮ ವನಜ ಬಾಗಿಲಲ್ಲೇ ನಿಂತು ಕೇಳಿದಳು.

"ಹೋಯ್ತ್. ಪ್ರತಿ ಸಲ ಧಾರೆಗೇ ಸಾಯ್ತ್ ಇದ್. ಆ ಹೆಣ್ಣಿಗೆ ಮದಿ ಆಪ್ಕೇ ಬಿಡುದಿಲ್ಲೆ."

ತಮಾಷೆ ಮಾಡಿದಳೇ ಹೊರತು ಅವಳಿಗೆ ಅಳು ಬರುತ್ತಿತ್ತು. ಬೈಂದೂರಿನ ಭೋಜರಾಜನ ಸ್ಟುಡಿಯೋದಲ್ಲಿ ಅವಳು ಸೇರಿದಂದಿನಿಂದ ಕೌಂಟರಿನಲ್ಲೇ ಇದ್ದಳು. ಪಾಸ್‌ಪೋರ್ಟ್ ಫೋಟೋ ಕತ್ತರಿಸುವುದು, ಕವರಿಗೆ ಹಾಕುವುದು, ಅಲ್ಲಿಗೆ ಕೆಲಸ ಮುಗಿಯಿತು. ಒಳಗೆ ಎ.ಸಿ. ಕೋಣೆಯಲ್ಲಿ ವೀಡಿಯೋ ಎಡಿಟ್ ಮಾಡುವ ಕುರ್ಚಿ ರತನನದು. ಆ ರತನ ಮುಂಬಯಿಗೆ ಹೋದ ಮೇಲೆ ಕುರ್ಚಿ ಖಾಲಿ ಇತ್ತು. "ನಾ ಮಾಡ್ತೆ" ಎಂದು ಸೌಜನ್ಯ ಕೇಳಿದ್ದಕ್ಕೆ ಭೋಜರಾಜ ಮೀಸೆಯಲ್ಲೇ ನಕ್ಕಿದ್ದ. "ಒಳ್ಗಿನ್ ಕಂಪ್ಯೂಟರ್ ಮುಟ್ಬೇಡ. ಕುಷ್ಟಣ್ಣನ ಮಗಳ್ ಮದಿದ್ ನಿನ್ನ್ ಲ್ಯಾಪ್‌ಟಾಪಗೇ ಮಾಡಿ ತೋರ್ಸ್. ಮದುಮಕ್ಕಳ್ ರೈಲ್ ಹತ್ತುದ್ರೊಳ್ಗ್ ಸಿಡಿ ಕೈಗ್ ಬರ್ಕ್. ಬರ್ಲಿಲ್ಯಾ, ಮಂಗ್ಳೂರಿಗೆ ಕಳ್ಸ್ತೆ. ನೀ ಮತ್ತೆ ಒಳ್ಗಿನ್ ಮಾತೇ ಎತ್ತುಕಾಗ."

ಮದುಮಕ್ಕಳು ಹತ್ತುವ ಮುಂಬಯಿ ರೈಲು ಇವತ್ತೇ ಸಂಜೆ. ಕತ್ತರಿಸಿ ಜೋಡಿಸುವ ಕೆಲಸವೆಲ್ಲ ಮುಗಿದಿತ್ತು. ಉಳಿದದ್ದು ಲ್ಯಾಪ್‌ಟಾಪು ತಾನೇ ಕೂತು ಎಲ್ಲವನ್ನೂ ಒಂದು ಫೈಲು ಮಾಡುವುದು. ಅದೊಂದನ್ನು ಮಾಡಲು ಅದಕ್ಕೆ ಜ್ವರ ಬರುತ್ತಿತ್ತು.

ಅವಳು ಮಾಡದ ಚಿಕಿತ್ಸೆ ಇರಲಿಲ್ಲ. ಟೇಬಲ್ ಫ್ಯಾನು ತಂದು ಎದುರಿಗಿಟ್ಟಳು. ಕಿಟಕಿಯ ಹತ್ತಿರ ಒಯ್ದಳು. ಅಮ್ಮ ಮೀನಿನ ಪೆಟ್ಟಿಗೆಯಲ್ಲಿ ಉಳಿದಿದ್ದ ಐಸನ್ನು ಬಟ್ಟಲಿನಲ್ಲಿ ಹಿಡಿದುಕೊಂಡೇ ಬಂದಳು.

"ಇದ್ರ ಮೇಲೆ ಇಡ್. ಬಂಗ್ಡಿ ನಾಳೆವರಿಗೆ ತಡಿತ್, ಇದ್ ಒಂದ್ ಗಳಿಗಿ ತಡೂದಿಲ್ಯಾ?"

"ಬ್ಯಾಡ ಮಾರಾಯ್ತಿ! ನೀರ್ ಒಳ್ಗ್ ಹೋದ್ರೆ ಪೂರಾ ಮುಗೀತ್."

ಅಷ್ಟರಲ್ಲಿ ಭೋಜರಾಜನ ಫೋನು. "ಎಂತ ಆಯ್ತ್? ಆತಿಲ್ಲೆ ಅಂದ್ರೆ ಈಗ್ಲೇ ಹೇಳ್ ಕಾಂಬ. ಕೊರಿಯರ್ ಮಾಡ್ತೆ ಅಂತ ಕುಷ್ಟಣ್ಣಂಗೆ ಹೇಳ್ತೆ."

"ರೈಲ್ ಬಪ್ಪುಕ್ ಮುಂಚೆ ನಾನೇ ತತ್ತೆ" ಎಂದವಳೇ ಫೋನಿಟ್ಟಳು.

ಅಡಿಯಿಂದಲೂ ಗಾಳಿ ಹೋಗಲಿ ಎಂದು ಅಡುಗೆಮನೆಯಿಂದ ಒಂದಿಷ್ಟು ತೆಂಗಿನ ಗೆರಟೆ ತಂದು ಕವುಚಿ ಹಾಕಿ, ಅದರ ಮೇಲೆ ಕೂರಿಸಲು ಲ್ಯಾಪ್‌ಟಾಪನ್ನು ಮಗುಚಿದಳು. ಕರಿಯ ಬೆನ್ನು ಬೆಳಕಿಗೆ ಎಲ್ಲೆಲ್ಲೋ ಮಿರಮಿರ ಮಿಂಚಿತು. ಬೆರಳಾಡಿಸಿ ನೋಡಿದಳು. ತೂತುಗಳೇ ಇಲ್ಲ. ಅಡಿಯಲ್ಲಿ, ಬದಿಯಲ್ಲಿ, ಎಲ್ಲೆಲ್ಲಿ ಗಾಳಿಯಾಡುವ ಸಂದಿತ್ತೋ ಅಲ್ಲೆಲ್ಲ ಕರಿಯ ಟೇಪು. ವಯರಿಗೆ ಸುತ್ತುವಂಥದ್ದು, ದೋಣಿಯ ಇಂಜಿನ್ನಿಗೆಂದು ಅಪ್ಪ ತಂದಿಟ್ಟದ್ದು. ಯಾರೋ ಒಂದು ಸುಕ್ಕಿಲ್ಲದೆ ಅಂಟಿಸಿದ್ದರು.

"ಅಮ್ಮಾ!"

"ಹ್ಞಾ, ಅದ್ ನಾನೇ ಅಂಟ್ಸದ್ದ್" ಎಂದಳು ವನಜ, ಬಿರುದು ತೆಗೆದುಕೊಳ್ಳುವ ಹೆಮ್ಮೆಯಲ್ಲಿ. "ಉಪ್ಪ್ ಗಾಳಿ ಒಳ್ಗ್ ಹೋದ್ರೆ ತುಕ್ಕ್ ಹಿಡೀತಿಲ್ಯಾ? ನಮ್ ಟಿವಿ ಹ್ಯಾಂಗ್ ಹೋಯ್ತ್, ಮರ್ತ್ ಹೋಯ್ತಾ? ನೀ ಕಷ್ಟಪಟ್ಟ್ ತಕಂಡದ್ದ್ ಅಂದೇಳಿ..."

ನಾವುಂದದ ಕಡಲ ಬದಿಯ ಮನೆಗಳಲ್ಲಿ ಉಪ್ಪು ಗಾಳಿಯೆಂದರೆ ಒಳಗೇ ಇರುವ ಕಳ್ಳ. ಕಿಟಕಿಯ ಸರಳು, ಬಾಗಿಲ ಚಿಲಕ, ಸೈಕಲ್ಲಿನ ಚೈನು, ಯಾವುದನ್ನೂ ಬಿಡುವುದಿಲ್ಲ. ಆದ್ದರಿಂದ ಕಬ್ಬಿಣಕ್ಕೆ ಎಣ್ಣೆ ಹಚ್ಚುವುದು, ರಿಮೋಟಿಗೆ ಪ್ಲಾಸ್ಟಿಕ್ಕು ಸುತ್ತುವುದು, ಮಿಕ್ಸಿಗೆ ಅಂಗಿ ಹೊಲಿಸುವುದು ಎಲ್ಲರಿಗೂ ರೂಢಿ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎನ್ನುತ್ತಾರೆ. ಇಲ್ಲಿ ಆ ಎರಡೂ ಸೇರಿ ಲ್ಯಾಪ್‌ಟಾಪಿನ ಉಸಿರು ಕಟ್ಟಿಸಿದ್ದವು.

"ಅದ್ ಅದ್ರ ಮೂಗ್ ಅಮ್ಮ! ಮೂಗ್ ಮುಚ್ಚಿ ಓಡ್ ಅಂದ್ರೆ ಯಾರ್ ಓಡ್ತ್ರ್?"

ವನಜಳ ಮುಖ ಸಣ್ಣಗಾಯಿತು. ನೆಲದ ಮೇಲೆ ಕೂತು, ಲ್ಯಾಪ್‌ಟಾಪನ್ನು ಮಡಿಲಿಗೆ ಎಳೆದುಕೊಂಡು, ಉಗುರಿನಿಂದ ಟೇಪಿನ ತುದಿ ಎಬ್ಬಿಸತೊಡಗಿದಳು. ಮೀನಿನ ಚರ್ಮ ಸುಲಿಯುವ ಕೈ, ಟೇಪು ಒಂದು ಚೂರೂ ಹರಿಯದೆ ಉದ್ದಕ್ಕೆ ಬಂತು. ಅಷ್ಟು ಕೋಪದಲ್ಲೂ ಸೌಜನ್ಯಳಿಗೆ ಅಮ್ಮನ ಮೇಲೆ ಮುದ್ದು ಉಕ್ಕಿತು. ತಾನೂ ಪಕ್ಕದಲ್ಲಿ ಕೂತು ಇನ್ನೊಂದು ಬದಿಯದನ್ನು ಕಿತ್ತಳು.

ಗೆರಟೆಗಳ ಮೇಲೆ ಕೂತ ಲ್ಯಾಪ್‌ಟಾಪು ಬುಸ್ಸೆಂದು ಬಿಸಿಗಾಳಿಯನ್ನೂ ಚೂರು ಕಡಲ ಮರಳನ್ನೂ ಉಗುಳಿತು. ಆಮೇಲೆ ಒಂದೇ ಸಮನೆ ಗುಂಯ್‌ಗುಡುತ್ತ ಕೆಲಸಕ್ಕಿಳಿಯಿತು. ತಾಯಿ ಮಗಳಿಬ್ಬರೂ ಊಟ ಬಿಟ್ಟು ಎದುರಿಗೆ ಕೂತರು. ಪರದೆಯಲ್ಲಿ ದಿಬ್ಬಣ ಬಂತು. ಬಾಸಿಂಗ ಕಟ್ಟಿದರು. ತಂಬಿಗೆ ಬಗ್ಗಿತು. ವನಜ ಕಣ್ಣು ಮುಚ್ಚಿಕೊಂಡಳು.

"ನೀರ್ ಬಿತ್ತ್ ಅಮ್ಮ! ಕಣ್ಣ್ ಬಿಡ್!"

ಧಾರೆ ದಾಟಿತು. ಸೌಜನ್ಯ ಅಮ್ಮನ ಎರಡೂ ಕೈ ಹಿಡಿದು ಕುಣಿದೇಬಿಟ್ಟಳು. ಮೀನಿನ ವಾಸನೆಯ ಆ ಕೈಗಳೂ ಜೊತೆಗೆ ಕುಣಿದವು.

ಸಿಡಿಯನ್ನೂ ಲ್ಯಾಪ್‌ಟಾಪನ್ನೂ ಬ್ಯಾಗಿಗೆ ಹಾಕಿಕೊಂಡು, ಬಸ್ಸಿಳಿದು ಓಡುತ್ತ ಅವಳು ಬೈಂದೂರು ಸ್ಟೇಷನ್ನು ಮುಟ್ಟಿದಾಗ ರೈಲು ಇನ್ನೂ ಬಂದಿರಲಿಲ್ಲ. ಮದುಮಗಳು ದೀಕ್ಷಾ, ಗಂಡ ಜಿತೇಂದ್ರ, ನೆಂಟರಿಷ್ಟರು ಸೂಟ್‌ಕೇಸುಗಳ ನಡುವೆ ನಿಂತಿದ್ದರು. ಮೀನಿನ ವ್ಯಾಪಾರಿ ಕುಷ್ಟಣ್ಣ, ದೀಕ್ಷಾಳ ಅಪ್ಪ, ಎಲ್ಲರನ್ನೂ ಗದರುತ್ತಿದ್ದ. ಭೋಜರಾಜ ಕೊರಿಯರಿನ ವಿಷಯ ಹೇಳುತ್ತಿದ್ದವನು ಅವಳನ್ನು ಕಂಡು ಬಾಯಿ ಮುಚ್ಚಿದ.

"ಒಂಚೂರ್ ಕಾಂಬನಾ?" ಎಂದ ಜಿತೇಂದ್ರ. ಸೂಟ್‌ಕೇಸಿನ ಮೇಲೆ ಲ್ಯಾಪ್‌ಟಾಪು ತೆರೆಯಿತು. ನೆಂಟರ ತಲೆಗಳು ಒಂದರ ಮೇಲೊಂದು ಬಗ್ಗಿದವು. ಸೌಜನ್ಯ ಹೂವು ಹಾರಿಸಿರಲಿಲ್ಲ, ಮದುಮಕ್ಕಳನ್ನು ಹೃದಯದೊಳಗೆ ತಿರುಗಿಸಿರಲಿಲ್ಲ. ಧಾರೆ ಮುಗಿಯುತ್ತಲೇ ಪರದೆಯಲ್ಲಿ ಕಂಡದ್ದು ಮಂಟಪದ ಹಿಂದೆ, ಕುರ್ಚಿ ರಾಶಿಯ ಮರೆಯಲ್ಲಿ, ಶಾಲಿನ ತುದಿಯಿಂದ ಕಣ್ಣೊರಸಿಕೊಳ್ಳುತ್ತಿದ್ದ ಕುಷ್ಟಣ್ಣ.

ದೀಕ್ಷಾ ತಿರುಗಿ ಅಪ್ಪನ ತೋಳು ಹಿಡಿದುಕೊಂಡಳು.

"ಭೋಜಣ್ಣ, ಇದ್ ಮಂಗ್ಳೂರಗೆ ಮಾಡ್ಸದ್ದಾ?" ಜಿತೇಂದ್ರನ ಅಕ್ಕ ಕೇಳಿದಳು.

"ಮಂಗ್ಳೂರ್ ಎಂತಕೆ? ನಮ್ ಸೌಜನ್ಯ ಮಾಡದ್ದ್" ಎಂದ ಭೋಜರಾಜ. ಆಮೇಲೆ ಅವಳ ಕಡೆ ನೋಡದೆ, ಕೀಲಿಗೊಂಚಲಿನಿಂದ ಎ.ಸಿ. ಕೋಣೆಯದನ್ನು ಬಿಡಿಸಿ ಚಾಚಿದ. "ನಾಳೆ ನೀನೇ ತೆಗಿ. ನಂಗೆ ಬಪ್ಪುಕೆ ತಡ ಆತ್."

ಅವಳು ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಗೆದ್ದೆ ಎಂದು ಪ್ಲಾಟ್‌ಫಾರ್ಮು ಕೇಳುವಂತೆ ಕೂಗಬೇಕೆನಿಸಿತು.

ರೈಲು ಬಂತು, ಸಿಡಿಯನ್ನೂ ಮದುಮಕ್ಕಳನ್ನೂ ತುಂಬಿಕೊಂಡು ಹೋಯಿತು. ನೆಂಟರು ರಿಕ್ಷಾಗಳತ್ತ ನಡೆದರು. ಅವಳು ಬ್ಯಾಗು ಹೆಗಲಿಗೇರಿಸುತ್ತಿರುವಾಗ ಕುಷ್ಟಣ್ಣ ಮಾತ್ರ ಬೆಂಚಿನ ಮೇಲೆ ಕೂತೇ ಉಳಿದಿದ್ದ.

"ಹೆಣೆ, ಅದ್ ನಿನ್ ಪೆಟ್ಟಿಗಿಯಗೆ ಇನ್ನೂ ಇತ್ತಾ?"

"ಇತ್ತ್ ಕುಷ್ಟಣ್ಣ."

"ಹಾಂಗಾರೆ ಸುರುವಿಂದ ಹಾಕ್ ಕಾಂಬ."

ಅವಳು ಪಕ್ಕದಲ್ಲಿ ಕೂತು ಲ್ಯಾಪ್‌ಟಾಪು ತೆರೆದು ಅವನ ಕೈಗೆ ಕೊಟ್ಟಳು. ಅಡಿಯಿಂದ ಗಾಳಿ ಹೋಗಬೇಕು, ಮಡಿಲಲ್ಲಿ ಇಟ್ಟರೆ ಬಿಸಿಯಾಗುತ್ತದೆ ಎಂದಳು. ಕುಷ್ಟಣ್ಣ ತಲೆಯಾಡಿಸಿ, ಅದರ ಎರಡು ಅಂಚಿಗೆ ಅಂಗೈ ಕೊಟ್ಟು, ಮಡಿಲಿಂದ ತುಸು ಮೇಲೆತ್ತಿ ಹಿಡಿದ. ದಿಬ್ಬಣ ಮನೆ ಬಿಟ್ಟಿತು. ತೋಳು ನಡುಗತೊಡಗಿದರೂ ಅವನು ಅದನ್ನು ಕೆಳಗಿಳಿಸಲಿಲ್ಲ.