ಬೇಡ ಅನ್ನುವ ಬುದ್ಧಿ

“ಬೇಡ ಅನ್ನೋವಷ್ಟು ಬುದ್ಧಿ ಇವಳಿಗೀಗ ಉಳಿದಿಲ್ಲ” ಎಂದರು ಡಾಕ್ಟರ್ ವಿಟ್‌ಲಾಕ್. ಹೇಳಿದ್ದು ನನಗೆ. ನನ್ನ ತಂಗಿ ಓಜೆಲ್ಲಾ ಡಾಕ್ಟರ ಮೊಣಕೈಗೆ ತಾಗುವಷ್ಟು ಹತ್ತಿರದಲ್ಲೇ, ಮಂಚದ ಮೇಲೆ ಕೂತಿದ್ದಳು. ನಮ್ಮ ಮಿಸಿಸಿಪಿಯಲ್ಲಿ ಈ ವಯಸ್ಸಿನ ಹೆಂಗಸನ್ನು ಮರ್ಯಾದೆಗೆ ಮಿಸ್ ಓಜೆಲ್ಲಾ ಎಂದು ಕರೆಯುವುದು ವಾಡಿಕೆ. ಡಾಕ್ಟರು ದೊಡ್ಡ ಓದು ಓದಿದವರು; ಇಷ್ಟು ಚಿಕ್ಕದನ್ನು ಕಲಿಯಲು ಪಾಪ, ಪುರಸೊತ್ತಾಗಿರಲಿಲ್ಲ.

“ಹೂಂ ಅಂದಾಗ ಬುದ್ಧಿ ಇತ್ತಾ ಸಾರ್?” ಎಂದೆ.

ಮೊದಲ ಸಲ ಅವಳ ತಲೆಗೆ ಕರೆಂಟು ಕೊಡುವ ಮುಂಚೆ ಅವಳು ಗೋಡೆ ನೋಡುತ್ತ ಮಲಗಿದ್ದಳು. ಅನ್ನ ನೀರು ಬಿಟ್ಟಿದ್ದಳು. ಒಪ್ಪಿಗೆಯಾ ಎಂದು ಕೇಳಿದರು, ಹೂಂ ಎಂದು ತಲೆಯಾಡಿಸಿದಳು. ಆ ತಲೆಯೊಳಗೆ ಬುದ್ಧಿ ಇದೆಯೋ ಇಲ್ಲವೋ ಎಂದು ಆಗ ಯಾರೂ ಇಣುಕಲಿಲ್ಲ. ದೇವರ ಮುಂದೆ ಸುಳ್ಳಾಡಬಾರದು, ಗುಣವಾಯಿತು. ಎದ್ದು ಕೂತಳು. ಆಡಿದ ಮೊದಲ ಮಾತು: “ನಮ್ಮ ಕೀಯಾನ ಮಣ್ಣು ಮಾಡ್ದಾಗ ಹಾಡಿದ್ಯಾರಕ್ಕ?”

ಹಾಡಿದವಳು ಅವಳೇ.

ಕೀಯಾ ಅವಳ ಒಬ್ಬಳೇ ಮಗಳು. ಆ ಕೀಯಾ ಮಗು ಹೆತ್ತ ಮರುದಿನ ಇದೇ ಆಸ್ಪತ್ರೆಯ ಕೆಳಮಹಡಿಯಲ್ಲಿ ನೋವು, ನೋವು ಎಂದಳು. ಅಷ್ಟೇನೂ ನೋವಿಲ್ಲ ಎಂದು ಬಲ್ಲವರು ತಿಳಿಸಿದರು. ಸಂಜೆಗೆ ಸತ್ತಳು, ಮಗುವೂ ಉಳಿಯಲಿಲ್ಲ. ಇಲ್ಲಿ ನಮಗೇನಾಗುತ್ತಿದೆ ಎಂಬುದು ನಮಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಈಗ ಮಂಕು ಮರಳುತ್ತಿದೆ, ಮತ್ತೆ ಕರೆಂಟು ಕೊಡಬೇಕು ಎನ್ನುತ್ತಿದ್ದರು.

“ಯಾಕೆ ಬೇಡ?” ಡಾಕ್ಟರು ಅವಳನ್ನು ಕೇಳಿದರು.

“ಹಾಡು ಹೋಯ್ತು. ಮಗಳ ದನಿ ಒಂದು ನೆಪ್ಪೈತೆ. ಅದೂ ಹೋದ್ರೆ ನಂಗೇನು ಉಳೀತದೆ?”

“ಮಾಡಿಸ್ಕೊಳ್ಳದಿದ್ರೆ ಏನಾಗುತ್ತೆ, ಗೊತ್ತಾ?”

“ಗೊತ್ತು ಸಾರ್. ಮತ್ತೆ ಮಂಕು ಕವೀತದೆ. ಸಾಯ್ಲೂಬೌದು. ಮಾತ್ರೆ ಕೊಡಿ, ನುಂಗ್ತೀನಿ.”

“ಸಾಯೋ ಮಾತು ಎಷ್ಟು ತಣ್ಣಗೆ ಆಡ್ತಾಳೆ ನೋಡಿ. ಇದೇ ಕಾಯಿಲೆ. ಊಟ ಬೇರೆ ಮುಟ್ಟಲ್ಲ.”

ಅತ್ತಿದ್ದರೆ ಅಳುವೇ ಕಾಯಿಲೆಯಾಗುತ್ತಿತ್ತು. ಬೇಡ ಅಂದವರಿಗೆ ಕರೆಂಟು ಕೊಡಲು ಕೋರ್ಟಿನ ಅಪ್ಪಣೆ ಬೇಕು. ನ್ಯಾಯಾಧೀಶರು ಗೋಡೆಯ ಟೀವಿ ಪರದೆಯಲ್ಲಿ ಕಾಣಿಸಿಕೊಂಡರು, ಡಾಕ್ಟರ ಮಾತಿಗೆ ಹೂಂಗುಟ್ಟಿ ಮರೆಯಾದರು. ನಾಳೆ ಬೆಳಿಗ್ಗೆ ಎಂದು ತೀರ್ಮಾನವಾಯಿತು.

ಮೀನಿನ ಕಾರ್ಖಾನೆಯಲ್ಲಿ ತಲೆ ಕತ್ತರಿಸುವ ಸಾಲಿನಲ್ಲಿ ನನ್ನ ಪಕ್ಕ ನಿಲ್ಲುವವಳು ಇಡೆಲ್ಲಾ, ನಮ್ಮ ಚರ್ಚಿನವಳೇ. ಅಂದು ಸಂಜೆ ನಾನು ಹೇಳಿದ್ದೆಲ್ಲ ಕೇಳಿ ಚಾಕು ಕೆಳಗಿಟ್ಟಳು.

“ಹೊಟ್ಟೇಲಿ ಕೂಳಿದ್ರೆ ಮತ್ತಿನ ಮದ್ದು ಕೊಡಂಗಿಲ್ಲ, ಅಲ್ವಾ?”

“ಹೌದು, ನರ್ಸೇ ಹೇಳವ್ಳೆ. ಮತ್ತು ಬರಿಸ್ದೆ ಕರೆಂಟೂ ಕೊಡಲ್ವಂತೆ.”

“ಮತ್ತಿನ್ನೇನೇ? ಸಾವಾದ ಮನೆಗೆ ತಟ್ಟೆ ಹೊರೋದು ನಮಗೇನು ಹೊಸದಾ? ಆ ಡಾಕ್ಟರ್ ಮುಂಡೇಮಗ ಬರೋಕ್ ಮುಂಚೆ ಹೋಗು.”

ನಮ್ಮಲ್ಲಿ ಸಾವಾದ ಮನೆಯವರು ಒಲೆ ಹಚ್ಚುವುದಿಲ್ಲ. ಚರ್ಚಿನ ಹೆಂಗಸರು ಸರದಿಯ ಮೇಲೆ ತಟ್ಟೆ ಒಯ್ಯುತ್ತಾರೆ.

ಬೆಳಿಗ್ಗೆ ಮಂಚದ ಮೇಲೆ ತಟ್ಟೆಗೆ ಸುತ್ತಿದ್ದ ಬೆಳ್ಳಿಹಾಳೆ ಬಿಚ್ಚಿದೆ. ಕರಿದ ಮೀನು, ಮೆಕ್ಕೆಜೋಳದ ಬ್ರೆಡ್ಡು. ಓಜೆಲ್ಲಾ ಕಣ್ಣು ಮುಚ್ಚಿ ದೇವರಿಗೆ ಸ್ತೋತ್ರ ಹೇಳಿ, ಮುಳ್ಳು ಬಿಡಿಸಿ ಬಿಡಿಸಿ ತಿಂದಳು. ನರ್ಸು ಓಡಿ ಬಂದಳು.

“ಅಯ್ಯೋ, ತಿನ್ನಬೇಡ, ಉಗುಳು.”

ಇಷ್ಟು ದಿನ ತಿನ್ನು ತಿನ್ನು ಎಂದು ಚಮಚ ಹಿಡಿದು ನಿಂತಿದ್ದವಳೂ ಅವಳೇ.

ಡಾಕ್ಟರು ಬಂದರು. ಮುಖ ಕೆಂಪಾಗಿತ್ತು. “ಯಾರು ತಿನ್ನಿಸಿದ್ದು?”

“ನಾನೇ ತಿಂದೆ ಸಾರ್” ಎಂದಳು ಓಜೆಲ್ಲಾ, ಬೆರಳು ನೆಕ್ಕುತ್ತ. “ಊಟ ಮುಟ್ಟಲ್ಲ ಅಂದಿದ್ರಲ್ಲ, ನಿಮ್ಮ ಕಾಗದದಲ್ಲಿ ಅದನ್ನೀಗ ಹೊಡೆದಾಕಿ.”

“ನೋಡಿ, ಹಟ. ಇದೂ ಕಾಯಿಲೆಯೇ. ನಾಳೆ ಮಾಡ್ತೀವಿ.”

“ಆಗ್ಲಿ” ಎಂದಳು ನನ್ನ ತಂಗಿ. “ನಾಳೆ ಇಡೆಲ್ಲಾನ ಸರದಿ. ಉಪ್ಪು ಒಂಚೂರು ಜಾಸ್ತಿ ಹಾಕ್ತಾಳೆ.”

ಡಾಕ್ಟರು ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಸೊಂಟದಲ್ಲಿ ಬೀಗದ ಕೈ ಗೊಂಚಲಿನ ಕಾವಲುಗಾರ ಬಂದು ಬಾಗಿಲಲ್ಲಿ ನಿಂತ. ಹೊರಗಿನ ಊಟ ಇನ್ನು ಬಂದ್, ಅಕ್ಕನೂ ಹೊರಗೆ ಎಂದ. ನನ್ನ ತೋಳು ಹಿಡಿದು ಎಬ್ಬಿಸಿದ.

ತಿರುಗಿ ನೋಡಿದೆ. ಓಜೆಲ್ಲಾ ಯಾವುದೋ ಹಾಡಿನ ಮೊದಲ ಸಾಲನ್ನು ಹುಡುಕಿ ಹುಡುಕಿ ಗುನುಗುತ್ತಿದ್ದಳು. ಅವಳ ಕೈ ಮಿಕ್ಕ ಬ್ರೆಡ್ಡಿನ ತುಂಡುಗಳನ್ನು ಒಂದೊಂದಾಗಿ ದಿಂಬಿನ ಚೀಲದೊಳಕ್ಕೆ ತಳ್ಳುತ್ತಿತ್ತು.