ಮಾರೆವ್ವನ ಕಳವು

ದೇಸಾಯರ ವಾಡೆಯನ್ನು ವಸ್ತುಸಂಗ್ರಹಾಲಯ ಮಾಡಿದ್ದಾರೆ, ಯಾರು ಬೇಕಾದರೂ ಒಳಗೆ ಹೋಗಿ ನೋಡಬಹುದು ಎಂಬ ಸುದ್ದಿ ೧೯೮೨ರ ಮಳೆಗಾಲದಲ್ಲಿ ಮರಳಿ ಎಂಬ ಊರಿನ ದುರುಗವ್ವನ ಕಿವಿಗೆ ಬಿತ್ತು. ಭತ್ತದ ನಾಟಿ ಅರ್ಧಕ್ಕೆ ಬಿಟ್ಟು, ಮಾರನೆಯ ದಿನವೇ ಅವಳು ಕುಷ್ಟಗಿ ಬಸ್ಸು ಹತ್ತಿದಳು. ಅವಳಿಗೆ ಬೇಕಾಗಿದ್ದದ್ದು ಅಂಗಳದ ಕಂಬವೊಂದೇ. ಅದಕ್ಕೆ ಬಾಯಿ ತುಂಬ ಉಗುಳಿ ಬರಬೇಕೆಂದು ಎಲೆ ಅಡಿಕೆ ಜಗಿಯುತ್ತಲೇ ವಾಡೆಯ ಹೊಸ್ತಿಲು ದಾಟಿದಳು.

ನಿಜಾಮನ ಕಾಲದಲ್ಲಿ ಅವಳ ತಾಯಿ ಮಾರೆವ್ವ ಈ ವಾಡೆಯ ಕಸ ಹೊಡೆಯುತ್ತಿದ್ದಳು. ಒಂದು ಸುಗ್ಗಿಯಲ್ಲಿ ದೊಡ್ಡ ದೇಸಾಯರ ಬೆಳ್ಳಿಯ ಸುಣ್ಣದ ಡಬ್ಬಿ ಕಾಣೆಯಾಯಿತು. ಮಾರೆವ್ವನನ್ನು ಕಂಬಕ್ಕೆ ಕಟ್ಟಿ ಬಾರುಕೋಲಿನಿಂದ ಹೊಡೆಸಿದರು. ತಲೆ ಬೋಳಿಸಿ ಊರ ಅಗಸಿಬಾಗಿಲ ಆಚೆ ಹಾಕಿದರು. ಅವಳ ಸೆರಗು ಹಿಡಿದು ಅಳುತ್ತ ಹೋದ ದುರುಗವ್ವನಿಗೆ ಆಗ ಹಾಲುಹಲ್ಲು ಬೀಳುವ ವಯಸ್ಸು. ಮರಳಿಗೆ ಬಂದು ನೆಲೆಸಿದರೂ ಕಳ್ಳಿ ಎಂಬ ಹೆಸರು ಬೆನ್ನು ಬಿಡಲಿಲ್ಲ. ಮಾರೆವ್ವ ನೀರಿಗೆ ಬಂದರೆ ಉಳಿದವರು ತಮ್ಮ ಕೊಡ ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು. "ನಾ ಮುಟ್ಟಿಲ್ಲವ್ವಾ" ಎನ್ನುತ್ತಲೇ ಅವಳು ಕಣ್ಣು ಮುಚ್ಚಿದಳು.

ದೊಡ್ಡ ದೇಸಾಯರ ಮೊಮ್ಮಗ ಬಸವಂತರಾಯ ತಾನೇ ನಿಂತು ವಾಡೆ ತೋರಿಸುತ್ತಿದ್ದ. ತಾವರಗೇರಾದಿಂದ ಬಂದ ಬೀಗರ ಗುಂಪೊಂದು ಮೇಣೆ, ಈಟಿ, ತೂಗುಮಂಚ ನೋಡುತ್ತ ಅವನ ಹಿಂದಿತ್ತು. ಅವನು ಗಾಜಿನ ಕಪಾಟು ತೆರೆದು ಒಂದು ಬೆಳ್ಳಿ ಡಬ್ಬಿಯನ್ನು ಅಂಗೈಯಲ್ಲಿಟ್ಟು ತೋರಿಸಿದ.

"ಇದು ನಮ್ಮ ಅಜ್ಜಾರ ಸುಣ್ಣದ ಡಬ್ಬಿರಿ. ಇದರದೊಂದು ಮಜಾ ಐತಿ. ಕಳದ ಹೋಗಿತ್ತಂತ. ಮರುವರ್ಷ ನೆಲದಾಗಿನ ಹಗೇವು ತಗದು ಜ್ವಾಳಾ ತೋಡೂಮುಂದ ಸಿಕ್ತು! ಹಿಂದಿನ ಸುಗ್ಗ್ಯಾಗ ಅದನ್ನ ತುಂಬೂಮುಂದ ಅಜ್ಜಾರು ಬಗ್ಗಿ ನೋಡ್ಯಾರ, ಸೊಂಟದಿಂದ ಜಾರಿ ಬಿದ್ದೈತಿ. ಖುಷಿಗೆ ಊರಿಗೆಲ್ಲಾ ಸಕ್ಕರಿ ಹಂಚಿದ್ರು."

ಬೀಗರು ನಕ್ಕರು. ದುರುಗವ್ವ ಬಾಯಲ್ಲಿದ್ದದ್ದನ್ನೆಲ್ಲ ನುಂಗಿಬಿಟ್ಟಳು.

"ಸಿಕ್ಕಮ್ಯಾಲ, ಹೊಡತ ತಿಂದಾಕಿಗೆ ಹೇಳಿ ಕಳಿಸಿದ್ರೇನ್ರಿ?"

"ಯಾರಿಗೆ?"

"ಮಾರೆವ್ವಗ. ನಾ ಆಕಿ ಮಗಳು."

ಬಸವಂತರಾಯನ ಮುಖ ಕಪ್ಪಿಟ್ಟಿತು. "ಹಳೇದೆಲ್ಲಾ ಈಗ್ಯಾಕ ಯಮ್ಮಾ..."

ಮಾತು ಮುಗಿಯುವ ಮೊದಲೇ ಅವಳು ಡಬ್ಬಿ ಕಸಿದು ಉಡಿಯಲ್ಲಿ ಕಟ್ಟಿಕೊಂಡಳು.

"ಏ, ಏನ್ ಮಾಡಾಕತ್ತಿ?"

"ಕದಿಯಾಕತ್ತೀನಿ. ಹೊಡತ ನಮ್ಮವ್ವ ಆವಾಗ್ಲೇ ತಿಂದಾಳ. ಕಳವಷ್ಟ ಆಗಿದ್ದಿಲ್ಲ."

"ಪೊಲೀಸರ್ನ ಕರಸ್ತೀನಿ ನೋಡು!"

"ಕರಸು. ಡಬ್ಬಿ ಎಲ್ಲಿ ಸಿಕ್ತಂತ ಅವರ ಮುಂದೂ ಹೇಳು. ಇವರೆಲ್ಲಾ ಕೇಳ್ಯಾರ."

ದೇಸಾಯರ ಮನೆಯವರನ್ನು ಅವಳು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಬೀಗರಲ್ಲಿ ಯಾರೂ ಈಗ ನಗುತ್ತಿರಲಿಲ್ಲ. ಬಸವಂತರಾಯ ದನಿ ತಗ್ಗಿಸಿದ.

"ಆತು, ನಾನ ಕೊಟ್ಟೀನಂತ ತಿಳ್ಕೊ. ಒಯ್ಯಿ. ಗದ್ಲ ಬ್ಯಾಡ."

"ನೀ ಕೊಟ್ರ ನನಗ ಬ್ಯಾಡ. ನಿಮ್ಮಜ್ಜ ಒದರಿದಂಗ ಒದರು, ಕಳ್ಳಿ ಅಂತ. ಅಗಸಿತನಕ ಕೇಳಬೇಕು."

ಅವನು ಗಾಜಿನ ಕಪಾಟು ಮುಚ್ಚಿ ಬೀಗರನ್ನು ಒಳಗೆ ಕರೆದುಕೊಂಡು ಹೋದ. ಮುಂದೆ ಫಿರ್ಯಾದಿಯನ್ನೂ ಕೊಡಲಿಲ್ಲ.

ಅವನು ಒದರದಿದ್ದರೇನು, ಅಗಸಿಯ ಕಟ್ಟೆಯ ಮೇಲೆ ಕುಳಿತು ದುರುಗವ್ವ ತಾನೇ ಒದರಿದಳು. ಡಬ್ಬಿಯನ್ನು ಎತ್ತಿ ಹಿಡಿದು, ಬಂದಬಂದವರಿಗೆಲ್ಲ ಹಗೇವಿನ ಸಂಗತಿ ಹೇಳಿದಳು. ಗುಂಪಿನಲ್ಲಿ ಮುದುಕಿ ಹಂಪವ್ವ ಇದ್ದಳು. ಮಾರೆವ್ವನ ಜೊತೆ ಕಸ ಹೊಡೆದವಳು. ದುರುಗವ್ವ ಅವಳ ಗುರುತು ಹಿಡಿದಳು.

"ನೀನೂ ಸಕ್ಕರಿ ತಿಂದೇನ ಚಿಗವ್ವಾ?"

ಹಂಪವ್ವ ತಲೆ ತಗ್ಗಿಸಿದಳು. "ತಿಂದೆ. ಯಾಕ ಹಂಚಾಕತ್ತಾರ ಅಂತ ಗೊತ್ತಿತ್ತು. ದೇಸಾಯರಿಗೆ ಅಂಜಿದೆ. ತಪ್ಪಾತವ್ವಾ."

"ನನಗ್ಯಾಕ ಹೇಳ್ತಿ? ಮರಳಿ ಸುಡಗಾಡದಾಗ ಅದಾಳ, ಅಲ್ಲಿಗೆ ಬಂದು ಆಕಿಗೆ ಹೇಳು."

ಊರಿಗೆ ಹೋಗುವ ಗಂಗಾವತಿ ಬಸ್ಸು ಬಂತು. ದುರುಗವ್ವ ಎದ್ದು ಹೋಗಿ ಹತ್ತಿದಳು. ಹಂಪವ್ವ ಏನೋ ಕೂಗಿದಳು. ದುರುಗವ್ವ ತಿರುಗಿ ನೋಡಲಿಲ್ಲ.